ತಲಾಕ್ ಕೊಡದವನ ಹೆಂಡತಿ

ಮುಸ್ಲಿಂ ಕುಟುಂಬ ಕಾನೂನಿನ ಮಾತು ಬಂದಾಗಲೆಲ್ಲ ಚರ್ಚೆ ಮೂರು ತಲಾಕಿನ ಬಳಿ ಹೋಗಿ ನಿಲ್ಲುತ್ತದೆ. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಅದನ್ನು ಬಹುಮತದಿಂದ ತಳ್ಳಿಹಾಕಿತು. 2019ರಲ್ಲಿ ಸಂಸತ್ತು ಅದಕ್ಕೆ ಮೂರು ವರ್ಷಗಳವರೆಗಿನ ಜೈಲು ಶಿಕ್ಷೆಯನ್ನೂ ಗೊತ್ತುಮಾಡಿತು. ಅಲ್ಲಿಗೆ ಮುಸ್ಲಿಂ ಹೆಣ್ಣುಮಕ್ಕಳ ಸಮಸ್ಯೆ ಮುಗಿಯಿತೆಂದು ಹಲವರು ತಿಳಿದರು. ನನ್ನ ಸುತ್ತಲಿನ ಮನೆಗಳಲ್ಲಿ ನಾನು ಕಂಡ ಸಂಕಟ ಬೇರೆ ಬಗೆಯದು. ಅದರಲ್ಲಿ ಹೆಚ್ಚಿನ ಪಾಲು ತಲಾಕ್ ಹೇಳಿದ ಗಂಡಸರಿಂದ ಬಂದದ್ದಲ್ಲ, ಹೇಳದೆ ಸುಮ್ಮನೆ ಕುಳಿತವರಿಂದ ಬಂದದ್ದು.

ಮದುವೆಯಾಗಿ ಎರಡು ವರ್ಷಕ್ಕೆ ಕೊಲ್ಲಿ ರಾಷ್ಟ್ರಕ್ಕೆ ಹೋದವನು ಮೊದಲು ಪ್ರತಿ ತಿಂಗಳು ಹಣ ಕಳುಹಿಸುತ್ತಾನೆ, ಆಮೇಲೆ ಆಗೊಮ್ಮೆ ಈಗೊಮ್ಮೆ, ಆಮೇಲೆ ಅವನ ಮೊಬೈಲ್ ಸಂಖ್ಯೆಯೇ ಬದಲಾಗುತ್ತದೆ. ಇನ್ನೊಬ್ಬ ಎಲ್ಲಿಗೂ ಹೋಗುವುದಿಲ್ಲ. ಅದೇ ಊರಿನಲ್ಲಿ ಇನ್ನೊಂದು ಮದುವೆಯಾಗಿ, ಮೊದಲನೆಯವಳನ್ನು ತವರಿಗೆ ಕಳುಹಿಸಿ, "ನಾನು ತಲಾಕ್ ಕೊಟ್ಟಿಲ್ಲವಲ್ಲ, ನನ್ನದೇನು ತಪ್ಪು?" ಎನ್ನುತ್ತಾನೆ. ಮೂರನೆಯವನು ವ್ಯಾಪಾರಕ್ಕೆ ಇಳಿಯುತ್ತಾನೆ: ಬಿಡುಗಡೆ ಬೇಕಿದ್ದರೆ ಮಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಧನ) ಬಿಟ್ಟುಕೊಡಬೇಕು, ಒಡವೆ ಬಿಟ್ಟುಕೊಡಬೇಕು, ಮದುವೆಯ ಖರ್ಚನ್ನೂ ಕಟ್ಟಿಕೊಡಬೇಕು. ಅಷ್ಟರಲ್ಲಿ ಅವಳ ಇಪ್ಪತ್ತರ ಹರೆಯ ಮುಗಿದಿರುತ್ತದೆ. ಅವಳು ವಿಧವೆಯಲ್ಲ, ವಿಚ್ಛೇದಿತೆಯಲ್ಲ, ಸಂಸಾರಸ್ಥೆಯೂ ಅಲ್ಲ.

ಕುರ್‌ಆನ್ ಈ ಹೆಣ್ಣನ್ನು ಮರೆತಿಲ್ಲ. ಅನ್ನಿಸಾ ಅಧ್ಯಾಯದ 129ನೆಯ ವಚನ, ಒಬ್ಬ ಪತ್ನಿಯ ಕಡೆಗೆ ಪೂರ್ತಿ ವಾಲಿ ಇನ್ನೊಬ್ಬಳನ್ನು ತೂಗುಬಿಟ್ಟವಳಂತೆ ಮಾಡಬೇಡಿ ಎನ್ನುತ್ತದೆ. ಅಲ್‌ಬಕರಾದ 231ನೆಯ ವಚನ, ಹಿಂಸಿಸುವುದಕ್ಕಾಗಿ ಹೆಂಡತಿಯರನ್ನು ತಡೆದಿಟ್ಟುಕೊಳ್ಳಬೇಡಿ ಎಂದು ನೇರವಾಗಿ ಎಚ್ಚರಿಸುತ್ತದೆ. ಅದಕ್ಕಿಂತ ಸ್ವಲ್ಪ ಹಿಂದೆ, 226ರಲ್ಲಿ, ಹೆಂಡತಿಯ ಹತ್ತಿರ ಹೋಗುವುದಿಲ್ಲವೆಂದು ಆಣೆ ಹಾಕಿದ ಗಂಡನಿಗೆ ನಾಲ್ಕು ತಿಂಗಳ ಗಡುವು ಇದೆ. ಅಷ್ಟರೊಳಗೆ ಅವನು ಮರಳಬೇಕು, ಇಲ್ಲವೇ ಅವಳನ್ನು ಬಿಡಬೇಕು. ಆಣೆ ಹಾಕಿ ದೂರ ನಿಂತವನಿಗೇ ನಾಲ್ಕು ತಿಂಗಳು! ಆಣೆಯನ್ನೂ ಹಾಕದೆ ನಾಲ್ಕು ವರ್ಷ, ಎಂಟು ವರ್ಷ ದೂರ ನಿಂತವನ ಮುಂದೆ ನಮ್ಮ ಜಮಾತಿನ ಹಿರಿಯರು ಕೈಕಟ್ಟಿ ಕೂರುತ್ತಾರೆಂದರೆ ಅದಕ್ಕೆ ಶರೀಅತ್ ಹೊಣೆಯಲ್ಲ. ಶರೀಅತ್ತಿನಲ್ಲಿ ಏನಿದೆಯೆಂದು ನಾವು ಹೆಣ್ಣುಮಕ್ಕಳಿಗೆ ಹೇಳಿಲ್ಲ, ಅದೇ ನನ್ನ ತಕರಾರು.

ನನ್ನ ಚಿಕ್ಕಮ್ಮನ ಮಗಳೊಬ್ಬಳ ವಿಷಯದಲ್ಲಿ ಹಿರಿಯರೊಬ್ಬರ ಮನೆಗೆ ಹೋಗಿದ್ದೆವು. ಅವರು ಒಳ್ಳೆಯವರು, ಅವಳ ಕಥೆಯನ್ನು ಕೇಳಿ ನಿಜವಾಗಿಯೂ ನೊಂದುಕೊಂಡರು. "ಸಬರ್ (ತಾಳ್ಮೆ) ಮಾಡಮ್ಮ, ಅಲ್ಲಾಹನು ಸಬರ್ ಮಾಡುವವರ ಜೊತೆಗಿದ್ದಾನೆ" ಎಂದರು. ಫಸ್ಕ್ ಎಂಬುದೊಂದು ಇದೆ, ನ್ಯಾಯಾಲಯಕ್ಕೆ ಹೋಗಿ ಮದುವೆಯನ್ನು ರದ್ದುಪಡಿಸಿಕೊಳ್ಳಬಹುದು ಎಂದು ಅವರು ಹೇಳಲಿಲ್ಲ. ಅವಳಿಗೂ ಗೊತ್ತಿರಲಿಲ್ಲ, ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರಬೇಕಾದವರು ಅವರು.

ಈ ದೇಶದ ಮುಸ್ಲಿಂ ಹೆಣ್ಣುಮಕ್ಕಳಿಗೆ ಆ ಹಕ್ಕು ಬಂದ ಬಗೆಯನ್ನು ನಮ್ಮ ಮದರಸಾಗಳಲ್ಲೂ ಶಾಲೆಗಳಲ್ಲೂ ಹೇಳಿಕೊಡಬೇಕಿತ್ತು. ಭಾರತದ ಹೆಚ್ಚಿನ ಮುಸ್ಲಿಮರು ಅನುಸರಿಸುವುದು ಇಸ್ಲಾಮೀ ಕಾನೂನಿನ ಪದ್ಧತಿಗಳಲ್ಲೊಂದಾದ ಹನಫಿಯನ್ನು. ನಮ್ಮ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈ ಪದ್ಧತಿಯವರು. ಹನಫಿ ಫಿಕ್‌ಹ್ (ಧರ್ಮಶಾಸ್ತ್ರ) ಹಲವು ವಿಷಯಗಳಲ್ಲಿ ಹೆಣ್ಣಿಗೆ ಉದಾರವಾಗಿದೆ. ವಯಸ್ಕ ಹೆಣ್ಣು ತನ್ನ ನಿಕಾಹ್ ತಾನೇ ಮಾಡಿಕೊಳ್ಳಬಹುದು ಎನ್ನುವುದು ಅದೇ. ಆದರೆ ಆದ ಮದುವೆಯಿಂದ ಹೊರಬರುವ ವಿಷಯದಲ್ಲಿ ಅದರ ಬಾಗಿಲು ಬಹಳ ಕಿರಿದು. ಗಂಡನಿಗೆ ಪುರುಷತ್ವವಿಲ್ಲದಿದ್ದರೆ, ಬಾಲ್ಯದಲ್ಲಿ ಮಾಡಿದ ಮದುವೆಯನ್ನು ಪ್ರಾಯಕ್ಕೆ ಬಂದಾಗ ನಿರಾಕರಿಸಿದರೆ, ಹೀಗೆ ಬೆರಳೆಣಿಕೆಯ ಕಾರಣಗಳಿಗಷ್ಟೇ ಖಾಜಿ (ಇಸ್ಲಾಮೀ ನ್ಯಾಯಾಧೀಶ) ಮದುವೆಯನ್ನು ಮುರಿಯಬಹುದಿತ್ತು. ಗಂಡ ಅನ್ನ ಬಟ್ಟೆ ಕೊಡದಿದ್ದರೆ ಅವನ ಹೆಸರಿನಲ್ಲಿ ಸಾಲ ಮಾಡಿ ಬದುಕು ಎಂಬುದು ಅಲ್ಲಿನ ಪರಿಹಾರ. ಗಂಡ ನಾಪತ್ತೆಯಾದರೆ? ಅವನ ಓರಗೆಯವರೆಲ್ಲ ಸಾಯುವ ತನಕ ಕಾಯಬೇಕು. ಅದನ್ನು ಲೆಕ್ಕಕ್ಕೆ ತಂದವರಲ್ಲಿ ಅವನು ಹುಟ್ಟಿ 90 ವರ್ಷವಾಗಲಿ ಎಂದವರಿದ್ದಾರೆ, 120 ಎಂದವರೂ ಇದ್ದಾರೆ. ಇಪ್ಪತ್ತೈದರ ಹೆಂಗಸೊಬ್ಬಳ ಮುಂದೆ ನಿಂತು ಈ ಸಂಖ್ಯೆಯನ್ನು ಹೇಳಿ ನೋಡಿ.

ಪಂಜಾಬಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಹೆಂಗಸರು ತಾವೇ ಒಂದು ದಾರಿ ಹುಡುಕಿಕೊಂಡರು. ಹನಫಿ ಪದ್ಧತಿಯಲ್ಲಿ ಗಂಡ ಹೆಂಡಿರಲ್ಲಿ ಒಬ್ಬರು ಇಸ್ಲಾಮನ್ನು ತೊರೆದರೆ ಮದುವೆ ತಾನಾಗಿ ಮುರಿಯುತ್ತದೆ, ಬ್ರಿಟಿಷ್ ನ್ಯಾಯಾಲಯಗಳು ಅದನ್ನು ಒಪ್ಪುತ್ತಿದ್ದವು. ಬಿಡುಗಡೆಗೆ ಬೇರೆ ದಾರಿ ಕಾಣದ ಹೆಂಗಸರು ತಾವು ಕ್ರೈಸ್ತರಾಗಿದ್ದೇವೆ ಎಂದು ಘೋಷಿಸಿ ಗಂಡನಿಂದ ಬಿಡಿಸಿಕೊಳ್ಳತೊಡಗಿದರು. ಕವಿ ಮುಹಮ್ಮದ್ ಇಕ್ಬಾಲ್ ಈ ವಿಷಯವನ್ನು ತಮ್ಮ ಉಪನ್ಯಾಸವೊಂದರಲ್ಲಿ ಎತ್ತಿ, ಈ ಕಾನೂನು ಇಲ್ಲಿ ಧರ್ಮವನ್ನು ಕಾಪಾಡುತ್ತಿದೆಯೇ ಎಂದು ಕೇಳಿದರು. ಆ ಹೆಂಗಸರನ್ನು ನಾನು ಬಹಳ ಸಲ ನೆನೆಯುತ್ತೇನೆ. ಅವರಲ್ಲಿ ಎಷ್ಟು ಜನ ರಾತ್ರಿ ಗುಟ್ಟಾಗಿ ನಮಾಜು ಮಾಡಿರಬಹುದು? ಒಬ್ಬ ಕೆಟ್ಟ ಗಂಡನಿಂದ ಪಾರಾಗಲು ತನ್ನ ದೇವರನ್ನೇ ಬಾಯಿಮಾತಿನಲ್ಲಿ ನಿರಾಕರಿಸಬೇಕಾದ ಸ್ಥಿತಿಗೆ ಅವರನ್ನು ತಳ್ಳಿದ್ದು ಯಾವ ಶತ್ರುವೂ ಅಲ್ಲ.

ಇದಕ್ಕೆ ಉತ್ತರ ಕೊಟ್ಟವರು ಮೌಲಾನಾ ಅಶ್ರಫ್ ಅಲಿ ಥಾನವಿ. ಅವರನ್ನು ಸುಧಾರಕರೆಂದು ಯಾರೂ ಕರೆಯುವುದಿಲ್ಲ. ದೇವಬಂದ್ ಪರಂಪರೆಯ ಕಟ್ಟಾ ಸಂಪ್ರದಾಯಸ್ಥ ವಿದ್ವಾಂಸರು ಅವರು, ಹನಫಿ ಪದ್ಧತಿಯಿಂದ ಕದಲುವುದನ್ನು ಹಗುರವಾಗಿ ತೆಗೆದುಕೊಳ್ಳುವವರಲ್ಲ. ಮೊದಲು ಅವರೂ ಹಳೆಯ ಮಾತನ್ನೇ ಹೇಳಿದ್ದರು. ಆಮೇಲೆ ಮದೀನಾದ, ಮಾಲಿಕಿ ಎಂಬ ಇನ್ನೊಂದು ಪದ್ಧತಿಯ ವಿದ್ವಾಂಸರಿಗೆ ಪತ್ರ ಬರೆದು, ಅವರ ಫತ್ವಾಗಳನ್ನು (ಧಾರ್ಮಿಕ ಅಭಿಪ್ರಾಯಗಳನ್ನು) ತರಿಸಿ, 1930ರ ದಶಕದ ಆರಂಭದಲ್ಲಿ 'ಅಲ್‌ಹೀಲತುನ್ನಾಜಿಝಾ' ಎಂಬ ಪುಸ್ತಕವನ್ನು ಹೊರತಂದರು. ಅದರಲ್ಲಿ ಅವರು ಎರಡು ಕೆಲಸ ಮಾಡಿದರು. ಧರ್ಮ ತೊರೆದ ಮಾತ್ರಕ್ಕೆ ಹೆಂಡತಿಯ ಮದುವೆ ಮುರಿಯುವುದಿಲ್ಲ ಎಂದು ಹಳೆಯ ದಾರಿಯನ್ನು ಮುಚ್ಚಿದರು. ಅದರ ಜೊತೆಗೇ, ನಾಪತ್ತೆಯಾದ ಗಂಡ, ಹೊಟ್ಟೆಗೆ ಹಾಕದ ಗಂಡ, ಹಿಂಸಿಸುವ ಗಂಡ ಇಂಥವರಿಂದ ಬಿಡುಗಡೆ ಪಡೆಯಲು ಮಾಲಿಕಿ ಪದ್ಧತಿಯ ನಿಯಮವನ್ನು ಹನಫಿಗಳೂ ಅನುಸರಿಸಬಹುದು ಎಂದು ಹೊಸ ದಾರಿಯನ್ನು ತೆರೆದರು. ಮೊದಲನೆಯದನ್ನು ಮಾತ್ರ ಮಾಡಿದ್ದರೆ ಅದು ಕ್ರೌರ್ಯವಾಗುತ್ತಿತ್ತು.

ಮಾಲಿಕಿ ಪದ್ಧತಿಯಲ್ಲಿ ನಾಪತ್ತೆಯಾದವನಿಗಾಗಿ ಕಾಯಬೇಕಾದದ್ದು ನಾಲ್ಕು ವರ್ಷ, ಆಮೇಲೆ ವಿಧವೆಯ ಇದ್ದತ್ತಿನ (ಮರುಮದುವೆಗೆ ಮೊದಲು ಕಾಯಬೇಕಾದ ಅವಧಿಯ) ನಾಲ್ಕು ತಿಂಗಳು ಹತ್ತು ದಿನ. ಖಲೀಫಾ ಉಮರ್ ಅವರ ತೀರ್ಪು ಅದರ ಬುಡದಲ್ಲಿದೆ. ಅಂದರೆ ಥಾನವಿಯವರು ಹೊರಗಿನಿಂದ ಏನನ್ನೂ ತಂದು ಸೇರಿಸಲಿಲ್ಲ. ಒಂದೇ ಮನೆಯ ಇನ್ನೊಂದು ಕೋಣೆಯಲ್ಲಿ ಇದ್ದದ್ದನ್ನು ಈಚೆಗೆ ತಂದರು.

ಈ ಪುಸ್ತಕದ ಬಲದ ಮೇಲೆ ಖಾಜಿ ಮುಹಮ್ಮದ್ ಅಹ್ಮದ್ ಕಾಜ್ಮಿ ಎಂಬ ಸದಸ್ಯರು 1936ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮಸೂದೆಯೊಂದನ್ನು ಮಂಡಿಸಿದರು. ಅದು 1939ರಲ್ಲಿ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಾಯಿತು. ಇಂದಿಗೂ ಅದೇ ಜಾರಿಯಲ್ಲಿದೆ. ಗಂಡ ಎಲ್ಲಿದ್ದಾನೆಂದು ನಾಲ್ಕು ವರ್ಷದಿಂದ ತಿಳಿಯದಿದ್ದರೆ, ಎರಡು ವರ್ಷ ಜೀವನ ನಿರ್ವಹಣೆಗೆ ಏನೂ ಕೊಡದಿದ್ದರೆ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಜೈಲು ಶಿಕ್ಷೆಗೆ ಗುರಿಯಾಗಿದ್ದರೆ, ಸರಿಯಾದ ಕಾರಣವಿಲ್ಲದೆ ಮೂರು ವರ್ಷ ದಾಂಪತ್ಯದ ಕರ್ತವ್ಯಗಳನ್ನು ನಡೆಸದಿದ್ದರೆ, ಎರಡು ವರ್ಷದಿಂದ ಬುದ್ಧಿಭ್ರಮಣೆಯಲ್ಲಿದ್ದರೆ, ಕ್ರೂರವಾಗಿ ನಡೆಸಿಕೊಂಡರೆ ಹೆಂಡತಿ ನ್ಯಾಯಾಲಯದಿಂದ ಬಿಡುಗಡೆ ಪಡೆಯಬಹುದು. ಕ್ರೌರ್ಯದ ವಿವರಣೆಯಲ್ಲಿ ಹೊಡೆತವಷ್ಟೇ ಇಲ್ಲ. ಅವಳ ಆಸ್ತಿಯನ್ನು ಮಾರಿಬಿಡುವುದು, ಅವಳು ಧರ್ಮ ಪಾಲಿಸದಂತೆ ತಡೆಯುವುದು, ಒಬ್ಬರಿಗಿಂತ ಹೆಚ್ಚು ಹೆಂಡಿರಿದ್ದಾಗ ಕುರ್‌ಆನ್ ಹೇಳಿದಂತೆ ಸಮನಾಗಿ ನೋಡಿಕೊಳ್ಳದಿರುವುದು ಕೂಡ ಸೇರಿವೆ. ಇನ್ನೊಂದು ಮದುವೆಯಾಗಿ ಮೊದಲನೆಯವಳನ್ನು ತವರಿಗೆ ಕಳುಹಿಸಿದ ಆ ಗಂಡನ ಪ್ರಶ್ನೆಗೆ ಉತ್ತರ 1939ರಲ್ಲೇ ಬರೆದಿಟ್ಟಿದೆ.

ಈ ಪಟ್ಟಿಯನ್ನು ಓದಿದಾಗಲೆಲ್ಲ ನನಗೆ ಅನಿಸುವುದು ಇಷ್ಟು: ಸ್ವಾತಂತ್ರ್ಯಕ್ಕೆ ಎಂಟು ವರ್ಷ ಮೊದಲು ಉಲೆಮಾಗಳು (ಧರ್ಮ ವಿದ್ವಾಂಸರು) ಮುಂದೆ ನಿಂತು ಮಾಡಿಸಿದ ಕಾನೂನನ್ನು ಉಲೆಮಾಗಳ ಇಂದಿನ ಶಿಷ್ಯರು ಯಾಕೆ ಜನರಿಗೆ ಹೇಳುವುದಿಲ್ಲ? ಒಂದು ಕಾರಣ ಇತಿಹಾಸದಲ್ಲಿದೆ. ಇಂಥ ಪ್ರಕರಣಗಳ ತೀರ್ಪನ್ನು ಮುಸ್ಲಿಂ ನ್ಯಾಯಾಧೀಶರೇ ಕೊಡಬೇಕೆಂಬ ಅಂಶ ಮೂಲ ಮಸೂದೆಯಲ್ಲಿತ್ತು. ಫಿಕ್‌ಹ್ ಪ್ರಕಾರ ಅದು ಅವಶ್ಯವೆಂದು ಥಾನವಿಯವರೂ ನಂಬಿದ್ದರು. ಅಂತಿಮ ಕಾಯ್ದೆಯಲ್ಲಿ ಆ ಅಂಶ ಬಿದ್ದುಹೋಯಿತು, ಉಲೆಮಾಗಳಿಗೆ ಅಸಮಾಧಾನವಾಯಿತು. ಆ ಮುನಿಸಿನ ನೆರಳು ಇನ್ನೂ ಇದೆ. ನ್ಯಾಯಾಲಯ ಕೊಟ್ಟ ವಿಸರ್ಜನೆ ದೀನಿನ (ಧರ್ಮದ) ದೃಷ್ಟಿಯಿಂದ ಸಿಂಧುವೇ ಎಂಬ ಅನುಮಾನವನ್ನು ಕೆಲವರು ಹೆಣ್ಣಿನ ಮನಸ್ಸಿನಲ್ಲಿ ಬಿತ್ತುತ್ತಾರೆ. ಅವಳು ಮರುಮದುವೆಗೆ ಹೆದರುತ್ತಾಳೆ. ಆ ಹೆದರಿಕೆ ಸುಳ್ಳಲ್ಲ, ಅದನ್ನು ಗೌರವದಿಂದಲೇ ನೋಡಬೇಕು.

ಅದಕ್ಕೂ ಥಾನವಿಯವರ ಪುಸ್ತಕದಲ್ಲೇ ಉತ್ತರವಿದೆ. ಖಾಜಿ ಇಲ್ಲದ ನಾಡಿನಲ್ಲಿ ಕನಿಷ್ಠ ಮೂವರು ನ್ಯಾಯವಂತ ಮುಸ್ಲಿಮರ ಪಂಚಾಯಿತಿ ಖಾಜಿಯ ಕೆಲಸ ಮಾಡಬಹುದೆಂಬ ಮಾಲಿಕಿ ನಿಯಮವನ್ನು ಅವರು ಎತ್ತಿಕೊಂಡರು. ಬ್ರಿಟಿಷರು 1864ರಲ್ಲಿ ಖಾಜಿ ಹುದ್ದೆಯನ್ನು ರದ್ದುಮಾಡಿದ್ದರು. 1880ರ ಖಾಜಿಗಳ ಕಾಯ್ದೆ ಅದನ್ನು ಮತ್ತೆ ತಂದರೂ ನ್ಯಾಯ ತೀರ್ಮಾನದ ಅಧಿಕಾರವನ್ನು ಕೊಡಲಿಲ್ಲ. ಹಾಗಾಗಿ ಬಿಹಾರದ ಇಮಾರತ್ ಎ ಶರಿಯಾ 1921ರಿಂದ ನಡೆಸುತ್ತ ಬಂದ ದಾರುಲ್ ಕಜಾ (ಶರೀಅತ್ ಪ್ರಕಾರ ವ್ಯಾಜ್ಯ ತೀರ್ಮಾನಿಸುವ ಸಭೆ) ಮಾದರಿಯ ಸಂಸ್ಥೆಗಳು ಹುಟ್ಟಿಕೊಂಡವು. ಸುಪ್ರೀಂ ಕೋರ್ಟ್ 2014ರಲ್ಲಿ ಈ ಸಂಸ್ಥೆಗಳನ್ನು ನಿಷೇಧಿಸಲು ನಿರಾಕರಿಸಿತು, ಆದರೆ ಇವುಗಳ ಫತ್ವಾ ಯಾರ ಮೇಲೂ ಕಾನೂನಿನ ಬಲದಿಂದ ಹೇರಲಾಗದು ಎಂದಿತು. ಮದ್ರಾಸ್ ಹೈಕೋರ್ಟ್ 2023ರಲ್ಲಿ, ಖಾಸಗಿ ಶರೀಅತ್ ಸಮಿತಿ ಕೊಟ್ಟ ಖುಲಾ (ಹೆಂಡತಿಯೇ ಕೇಳಿ ಪಡೆಯುವ ವಿಚ್ಛೇದನ) ಪ್ರಮಾಣಪತ್ರ ಸಿಂಧುವಲ್ಲ, ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಿ ಎಂದಿತು. ಇದನ್ನೆಲ್ಲ ನೋಡಿದರೆ ನನಗೆ ಕಾಣುವ ದಾರಿ ಒಂದೇ. ಮನಸ್ಸಿನ ನೆಮ್ಮದಿಗೆ ದಾರುಲ್ ಕಜಾದ ತೀರ್ಮಾನ ಬೇಕೆನ್ನುವವರು ಅದನ್ನೂ ಪಡೆಯಲಿ, ಕಾಗದಕ್ಕೆ ನ್ಯಾಯಾಲಯದ ಆದೇಶವನ್ನೂ ಪಡೆಯಲಿ. ಮಸೀದಿಯ ಕಾಗದ ಒಂದೇ ಸಾಕೆಂದು ನಂಬಿಸಿ ಹೆಣ್ಣನ್ನು ಮನೆಗೆ ಕಳುಹಿಸುವುದು ಮಾತ್ರ ಅನ್ಯಾಯ. ಮರುಮದುವೆಯಾದ ಮೇಲೆ ಮೊದಲ ಗಂಡ ಬಂದು ತಕರಾರು ತೆಗೆದರೆ ಆ ಕಾಗದ ಅವಳನ್ನು ಕಾಯುವುದಿಲ್ಲ.

ಇನ್ನು ಖುಲಾ. ಸಾಬಿತ್ ಬಿನ್ ಕೈಸ್ ಅವರ ಹೆಂಡತಿ ಪ್ರವಾದಿಯವರ (ಸ) ಬಳಿ ಬಂದು, ಗಂಡನ ಧರ್ಮದಲ್ಲಾಗಲಿ ನಡತೆಯಲ್ಲಾಗಲಿ ನನಗೆ ದೋಷ ಕಾಣುವುದಿಲ್ಲ, ಆದರೆ ಅವರೊಡನೆ ಬಾಳಲಾರೆ ಎಂದರು. ಮಹರ್ ಆಗಿ ಕೊಟ್ಟ ತೋಟವನ್ನು ಹಿಂದಿರುಗಿಸುವೆಯಾ ಎಂದು ಪ್ರವಾದಿಯವರು ಕೇಳಿದರು. ಹೌದೆಂದಾಗ, ತೋಟವನ್ನು ತೆಗೆದುಕೊಂಡು ಇವಳನ್ನು ಬಿಟ್ಟುಬಿಡು ಎಂದು ಸಾಬಿತರಿಗೆ ಹೇಳಿದರು. ಬುಖಾರಿ ಸಂಗ್ರಹದಲ್ಲಿರುವ ಈ ಹದೀಸಿನಲ್ಲಿ (ಪ್ರವಾದಿಯವರ ನಡೆನುಡಿಯ ವರದಿಯಲ್ಲಿ) ನನ್ನ ಮನಸ್ಸು ನಿಲ್ಲುವುದು ಒಂದು ಕಡೆ: ಆ ಹೆಣ್ಣಿಗೆ ಯಾರೂ ಸಬರ್ ಮಾಡು ಎನ್ನಲಿಲ್ಲ. ಗಂಡನ ತಪ್ಪನ್ನು ಸಾಬೀತುಪಡಿಸು ಎನ್ನಲಿಲ್ಲ. ಅವಳಿಗೆ ಇಷ್ಟವಿಲ್ಲ ಎಂಬುದೇ ಸಾಕಾಯಿತು.

ಗಂಡ ಒಪ್ಪದಿದ್ದರೂ ಖುಲಾ ಆಗುತ್ತದೆಯೇ ಎಂಬುದರಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದು ಇಬ್ಬರ ಒಪ್ಪಂದ, ಅವನ ಒಪ್ಪಿಗೆ ಬೇಕು ಎಂಬುದೇ ಹಳೆಯ ಪದ್ಧತಿಗಳ ಬಹುಮತ. ಪ್ರವಾದಿಯವರದು ಆದೇಶ, ಬರಿಯ ಸಲಹೆಯಲ್ಲ ಎನ್ನುವವರು ಖಾಜಿಗೆ ಆ ಅಧಿಕಾರವಿದೆ ಎನ್ನುತ್ತಾರೆ. ಪಾಕಿಸ್ತಾನದ ಸುಪ್ರೀಂ ಕೋರ್ಟ್ 1967ರಲ್ಲಿ, ಈಜಿಪ್ಟ್ 2000ನೆಯ ಇಸವಿಯ ಕಾನೂನಿನಲ್ಲಿ ಎರಡನೆಯ ದಾರಿ ಹಿಡಿದವು. ನಮ್ಮಲ್ಲಿ ಕೇರಳ ಹೈಕೋರ್ಟ್ 2021ರ ಏಪ್ರಿಲ್‌ನಲ್ಲಿ, 1972ರ ತನ್ನದೇ ತೀರ್ಪನ್ನು ಬದಿಗಿಟ್ಟು, ನ್ಯಾಯಾಲಯದ ಹೊರಗೆ ಖುಲಾ ಪಡೆಯುವ ಹಕ್ಕು ಹೆಣ್ಣಿಗೆ ಉಳಿದಿದೆ ಎಂದಿತು. 1937ರ ಶರೀಅತ್ ಕಾಯ್ದೆಯೇ ಖುಲಾವನ್ನು ಹೆಸರಿಸಿರುವಾಗ ಅದು ಇಲ್ಲವಾಗುವುದು ಹೇಗೆ ಎಂಬುದು ಅದರ ತರ್ಕ. ಮಹರ್ ಹಿಂದಿರುಗಿಸಲು ಮುಂದಾಗಿರಬೇಕು, ರಾಜಿಗೆ ಪ್ರಯತ್ನ ನಡೆದಿರಬೇಕು, ಗಂಡನ ಒಪ್ಪಿಗೆ ಬೇಕಿಲ್ಲ. 2025ರಲ್ಲಿ ತೆಲಂಗಾಣ ಹೈಕೋರ್ಟ್ ಕೂಡ ಇದೇ ನಿಲುವನ್ನು ತಳೆಯಿತು. ಉಲೆಮಾಗಳಲ್ಲಿ ಹಲವರು ಇದನ್ನು ಒಪ್ಪಿಲ್ಲ. ನಾನು ವಿದ್ವಾಂಸಳಲ್ಲ, ಆದರೂ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ: ಗಂಡನ ಒಪ್ಪಿಗೆಯ ಮೇಲೆ ನಿಂತ ಬಿಡುಗಡೆ, ಒಪ್ಪಿಗೆಗೆ ಬೆಲೆ ಕಟ್ಟುವ ಗಂಡನ ಕೈಗೆ ಕೊಟ್ಟ ಆಯುಧ.

ಆ ಬೆಲೆಯ ವಿಷಯದಲ್ಲಿ ಹಳೆಯ ಗ್ರಂಥಗಳು ನಮ್ಮ ಪಂಚಾಯಿತಿಗಳಿಗಿಂತ ಎಷ್ಟೋ ನ್ಯಾಯವಾಗಿವೆ. ತಪ್ಪು ಗಂಡನದಾದರೆ ಖುಲಾಕ್ಕಾಗಿ ಅವನು ಏನನ್ನಾದರೂ ಪಡೆಯುವುದೇ ಮಕ್ರೂಹ್ (ಧರ್ಮ ಮೆಚ್ಚದ ಕೆಲಸ), ತಪ್ಪು ಅವಳದಾದರೂ ಕೊಟ್ಟ ಮಹರ್‌ಗಿಂತ ಹೆಚ್ಚು ಪಡೆಯುವುದು ಮಕ್ರೂಹ್ ಎಂಬುದು ಹನಫಿ ಪದ್ಧತಿಯ ಪ್ರಸಿದ್ಧ ನಿಲುವು. ಮಾಲಿಕಿಗಳು ಇನ್ನೂ ಮುಂದೆ ಹೋಗುತ್ತಾರೆ: ಗಂಡನ ಹಿಂಸೆಯೇ ಅವಳನ್ನು ಖುಲಾಕ್ಕೆ ತಳ್ಳಿತೆಂದು ಸಾಬೀತಾದರೆ ಪಡೆದದ್ದನ್ನು ಅವನು ಹಿಂದಿರುಗಿಸಬೇಕು. ಹೆಂಗಸರ ಮನೆಯವರು ಚೌಕಾಸಿಗೆ ಕುಳಿತಾಗ ಈ ಮಾತನ್ನು ಎತ್ತುವವರು ಯಾರೂ ಇರುವುದಿಲ್ಲ. ಇನ್ನೂ ಒಂದು ಸಂಗತಿ ಅವರಿಗೆ ತಿಳಿದಿರುವುದಿಲ್ಲ. 1939ರ ಕಾಯ್ದೆಯಡಿ ವಿಸರ್ಜನೆ ಪಡೆದರೆ ಮಹರಿನ ಹಕ್ಕು ಹೋಗುವುದಿಲ್ಲ, ಕಾಯ್ದೆಯ ಐದನೆಯ ಸೆಕ್ಷನ್ ಅದನ್ನು ಉಳಿಸಿದೆ. ಎರಡು ವರ್ಷದಿಂದ ಒಂದು ರೂಪಾಯಿಯನ್ನೂ ಕಳುಹಿಸದ ಗಂಡನಿಗೆ ಮಹರ್ ಬಿಟ್ಟುಕೊಟ್ಟು ಖುಲಾ ಬೇಡುವ ಅಗತ್ಯ ಎಷ್ಟೋ ಹೆಂಗಸರಿಗೆ ಇಲ್ಲವೇ ಇಲ್ಲ.

ಜೀವನಾಂಶದ ಕಥೆ ಇದಕ್ಕಿಂತ ಹೆಚ್ಚು ಜನರಿಗೆ ಗೊತ್ತು. 1985ರ ಶಾ ಬಾನೊ ತೀರ್ಪು, 1986ರ ಕಾಯ್ದೆ, 2001ರ ಡ್ಯಾನಿಯಲ್ ಲತೀಫಿ ತೀರ್ಪು, 2024ರಲ್ಲಿ ಸುಪ್ರೀಂ ಕೋರ್ಟ್ ವಿಚ್ಛೇದಿತೆಗೂ ಸಾಮಾನ್ಯ ಕಾನೂನಿನಡಿ ಜೀವನಾಂಶದ ಹಕ್ಕಿದೆ ಎಂದದ್ದು, ಇವುಗಳ ಬಗ್ಗೆ ಬಹಳ ಬರೆದಾಗಿದೆ. ಇಲ್ಲಿ ಇಷ್ಟೇ ಹೇಳುತ್ತೇನೆ: ತಲಾಕ್ ಆಗದೆ ತವರಿನಲ್ಲಿ ಕುಳಿತವಳಿಗೂ ಜೀವನಾಂಶ ಕೇಳುವ ಹಕ್ಕಿದೆ. ಅದಕ್ಕೆ ವಿಚ್ಛೇದನವಾಗಬೇಕೆಂದು ಕಾಯಬೇಕಿಲ್ಲ.

ಇಷ್ಟೆಲ್ಲ ಅಲೆದಾಟ ಬೇಡವಾಗುವಂತೆ ಮಾಡುವ ಒಂದು ಉಪಾಯ ಶರೀಅತ್ತಿನಲ್ಲಿ ಮೊದಲಿನಿಂದಲೂ ಇದೆ. ಅದೇ ತಫ್ವೀಜ್. ನಿಕಾಹ್ ಎಂಬುದು ಕರಾರು. ಆ ಕರಾರಿನಲ್ಲೇ ಗಂಡ ತನ್ನ ತಲಾಕಿನ ಅಧಿಕಾರವನ್ನು ಹೆಂಡತಿಗೂ ವಹಿಸಿಕೊಡಬಹುದು. ನಾನು ಇಂತಿಷ್ಟು ಕಾಲ ಖರ್ಚಿಗೆ ಕೊಡದಿದ್ದರೆ, ನಾಪತ್ತೆಯಾದರೆ, ಅವಳ ಒಪ್ಪಿಗೆಯಿಲ್ಲದೆ ಇನ್ನೊಂದು ಮದುವೆಯಾದರೆ ಅವಳು ತನಗೆ ತಾನೇ ತಲಾಕ್ ಹೇಳಿಕೊಳ್ಳಬಹುದು ಎಂದು ಬರೆದುಕೊಡಬಹುದು. ಕಟ್ಟುನಿಟ್ಟಿನ ಹನಫಿಗಳೂ ಇದನ್ನು ಒಪ್ಪುತ್ತಾರೆ. ಬಾಳುವುದಾದರೆ ಬಾಳಿ, ಇಲ್ಲವಾದರೆ ಸೌಜನ್ಯದಿಂದ ಕಳುಹಿಸಿಕೊಡುತ್ತೇನೆ ಎಂದು ಪ್ರವಾದಿಯವರು ತಮ್ಮ ಪತ್ನಿಯರ ಮುಂದೆ ಆಯ್ಕೆಯಿಟ್ಟದ್ದು ಅಲ್‌ಅಹ್ಜಾಬ್ ಅಧ್ಯಾಯದಲ್ಲಿದೆ. ಥಾನವಿಯವರೂ ಹೆಣ್ಣಿನ ಕಡೆಯವರಿಗೆ ಈ ದಾರಿಯನ್ನು ತೋರಿಸಿದ್ದರು. ನಮ್ಮ ನ್ಯಾಯಾಲಯಗಳು ಬ್ರಿಟಿಷರ ಕಾಲದಿಂದಲೂ ಇಂಥ ಕರಾರುಗಳನ್ನು ಎತ್ತಿಹಿಡಿದಿವೆ. ಪಾಕಿಸ್ತಾನ, ಬಾಂಗ್ಲಾದೇಶಗಳ ನಿಕಾಹ್‌ನಾಮೆಯಲ್ಲಿ 18ನೆಯ ಕಾಲಂ ಇರುವುದೇ ಇದಕ್ಕಾಗಿ: ಗಂಡ ಹೆಂಡತಿಗೆ ತಲಾಕಿನ ಅಧಿಕಾರ ವಹಿಸಿಕೊಟ್ಟಿದ್ದಾನೆಯೇ, ಯಾವ ಷರತ್ತಿನ ಮೇಲೆ? ಅಲ್ಲಿಯೂ ಮದುವೆ ಬರೆಯುವವರು ಹುಡುಗಿಯನ್ನು ಕೇಳದೆ ಆ ಕಾಲಂಗೆ ಗೀಟು ಎಳೆದುಬಿಡುತ್ತಾರೆಂಬ ದೂರು ಇದೆ.

ನಮ್ಮಲ್ಲಿ ಈ ಮಾತನ್ನು ಎತ್ತಿದರೆ, ಶುಭ ಕಾರ್ಯದಲ್ಲಿ ಅಗಲಿಕೆಯ ಮಾತೇಕೆ ಎಂದು ಹಿರಿಯರು ಮುಖ ಸಿಂಡರಿಸುತ್ತಾರೆ. ಅದೇ ಕೂಟದಲ್ಲಿ ಚಿನ್ನ ಎಷ್ಟು, ಊಟಕ್ಕೆ ಎಷ್ಟು ಜನ, ಹುಡುಗನಿಗೆ ಏನು ಎಂಬ ಮಾತು ಗಂಟೆಗಟ್ಟಲೆ ನಡೆದಿರುತ್ತದೆ. ನೀವು ಈಡೇರಿಸಬೇಕಾದ ಷರತ್ತುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದವು ಮದುವೆಯ ಷರತ್ತುಗಳು ಎಂಬ ಹದೀಸ್ ಇರುವಾಗ, ಷರತ್ತನ್ನು ಹಾಕುವುದೇ ಅಪಶಕುನವೆಂಬುದು ಎಲ್ಲಿಂದ ಬಂತು? ಅಪಶಕುನವನ್ನು ನಂಬಬೇಡಿ ಎಂದು ಕಲಿಸಿದ ದೀನಿನವರು ನಾವು. ಒಳ್ಳೆಯ ಮನಸ್ಸಿನ ಹುಡುಗನಿಗೆ ಈ ಷರತ್ತಿನಿಂದ ಯಾವ ನಷ್ಟವೂ ಇಲ್ಲ. ಇದನ್ನು ಬರೆದುಕೊಡಲು ಒಪ್ಪದವನ ವಿಷಯವಾಗಿ ಹುಡುಗಿಯ ಮನೆಯವರು ಮದುವೆಗೆ ಮೊದಲೇ ಯೋಚಿಸುವುದು ಒಳ್ಳೆಯದು. ಬರೆಯುವುದನ್ನು ಅಂದಾಜಿನ ಮಾತಿನಲ್ಲಿ ಬರೆಯಬಾರದು. ಎಷ್ಟು ತಿಂಗಳು ಖರ್ಚಿಗೆ ಕೊಡದಿದ್ದರೆ, ಎಷ್ಟು ತಿಂಗಳು ಸಂಪರ್ಕವಿಲ್ಲದಿದ್ದರೆ ಎಂದು ಸಂಖ್ಯೆಯಲ್ಲೇ ಇರಬೇಕು. ಗಂಡನ ಸಹಿ, ಸಾಕ್ಷಿಗಳ ಸಹಿ ಇರಬೇಕು, ಒಂದು ಪ್ರತಿ ಹುಡುಗಿಯ ಕೈಯಲ್ಲಿರಬೇಕು. ಅದನ್ನು ಗಂಡನ ಮನೆಯ ಬೀರುವಿನಲ್ಲಿಟ್ಟರೆ ಬೇಕಾದಾಗ ಸಿಗುವುದಿಲ್ಲ.

ಈಗಾಗಲೇ ತೂಗಾಡುತ್ತಿರುವವರಿಗೆ ಈ ಷರತ್ತಿನಿಂದ ಪ್ರಯೋಜನವಿಲ್ಲ. ಅವರಿಗೆ ಕೌಟುಂಬಿಕ ನ್ಯಾಯಾಲಯವಿದೆ, ಬಡವರಿಗೆ ಮತ್ತು ಹೆಂಗಸರಿಗೆ ಉಚಿತ ವಕೀಲರನ್ನು ಒದಗಿಸುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಗಂಡ ನಾಪತ್ತೆಯಾಗಿದ್ದರೆ ಅರ್ಜಿಯಲ್ಲಿ ಅವನ ವಾರಸುದಾರರ ಹೆಸರು, ವಿಳಾಸ ಕೊಡಬೇಕು. ಅವನಿಗೆ ಚಿಕ್ಕಪ್ಪ ದೊಡ್ಡಪ್ಪ, ಅಣ್ಣ ತಮ್ಮ ಇದ್ದರೆ ಅವರನ್ನೂ ಪಕ್ಷಗಾರರನ್ನಾಗಿ ಮಾಡಬೇಕು. ಆ ಕಾರಣದ ಮೇಲೆ ಕೊಟ್ಟ ತೀರ್ಪು ಆರು ತಿಂಗಳ ಬಳಿಕವೇ ಜಾರಿಗೆ ಬರುತ್ತದೆ, ಅಷ್ಟರೊಳಗೆ ಗಂಡ ಬಂದು ಸಂಸಾರ ಮಾಡಲು ಸಿದ್ಧನೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಟ್ಟರೆ ಅದು ರದ್ದಾಗುತ್ತದೆ. ಗಂಡ ಎಲ್ಲಿದ್ದಾನೆಂದು ಗೊತ್ತಿದ್ದು ಖರ್ಚಿಗೆ ಕೊಡುತ್ತಿಲ್ಲವಾದರೆ ನಾಲ್ಕು ವರ್ಷ ಕಾಯಬೇಕಿಲ್ಲ, ಎರಡು ವರ್ಷದ ಕಾರಣವೇ ಸಾಕು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಕೇರಳ ಹೈಕೋರ್ಟಿನಲ್ಲಿದ್ದಾಗ ಕೊಟ್ಟ ತೀರ್ಪಿನಲ್ಲಿ, ಎರಡು ವರ್ಷ ಕೊಟ್ಟಿಲ್ಲ ಎಂಬ ಸಂಗತಿಯೇ ಮುಖ್ಯ, ತಪ್ಪು ಯಾರದೆಂಬ ಪ್ರಶ್ನೆ ಅಡ್ಡಬರಬಾರದು ಎಂದಿದ್ದಾರೆ. ಬೇರೆ ನ್ಯಾಯಾಲಯಗಳು ಇದಕ್ಕಿಂತ ಭಿನ್ನವಾಗಿ ಹೇಳಿದ್ದೂ ಇದೆ, ಆದ್ದರಿಂದ ಯಾಕೆ ಮನೆ ಬಿಟ್ಟು ಬಂದೆ ಎಂಬ ಪ್ರಶ್ನೆಗೂ ಉತ್ತರ ಸಿದ್ಧವಿರಲಿ. ಕೊನೆಯ ಬಾರಿ ಹಣ ಬಂದ ತಿಂಗಳ ಬ್ಯಾಂಕ್ ಪಾಸ್‌ಬುಕ್, ಕೊನೆಯ ಕರೆ, ಕೊನೆಯ ಸಂದೇಶದ ದಿನಾಂಕ, ನಿಕಾಹ್‌ನ ದಾಖಲೆಯ ಪ್ರತಿ ಇವನ್ನು ಒಂದೆಡೆ ಜೋಡಿಸಿಕೊಂಡು ಹೋಗಿ. ವಕೀಲರು ಮೊದಲು ಕೇಳುವುದು ಇವನ್ನೇ.